ಕಪ್ಪು ಬಳಿದ ಗೆರೆ

ಜನವರಿ 12

ಪುಟ್ಟಾ,

ನಿನಗೆ ಫೋನ್ ಮಾಡಿ ಪ್ರಯೋಜನವಿಲ್ಲ ಎಂದು ಗೊತ್ತಾಗಿ ಎರಡು ವರ್ಷವಾಯಿತು. ನಾನು ಏನು ಹೇಳಿದರೂ "ಆಯ್ತು ಆಯ್ತು" ಅನ್ನುತ್ತೀ, ಆಮೇಲೆ ನೋಡಿದರೆ ಒಂದಕ್ಷರವೂ ಕೇಳಿಸಿರುವುದಿಲ್ಲ. ರಸ್ತೆ ಕೆರೆಯುವ ಆ ಯಂತ್ರ ನಿನ್ನ ಎಡಗಿವಿಯನ್ನು ಪೂರ್ತಿ ತಿಂದು, ಬಲಗಿವಿಯನ್ನು ಅರ್ಧ ಉಳಿಸಿದೆ. ಹಾಗಾಗಿ ನಮಗೆ ಕಾಗದವೇ ಗತಿ. ಕಾಗದ ಓದುವುದಕ್ಕೆ ಕಿವಿ ಬೇಕಾಗಿಲ್ಲ.

ಸುದ್ದಿ ಏನೆಂದರೆ, ಮನೆಗೆ ಹೊಸ ಕಾರು ಬಂದಿದೆ. ನಿನ್ನ ಭಾವ ಆ ಹಳೇ ವ್ಯಾನನ್ನು ಕೊನೆಗೂ ಬಿಟ್ಟರು. ತಕ್ಕಡಿ ರಿಪೇರಿ ಎಂದು ವಾರಕ್ಕೆ ನಾಲ್ಕು ಊರಿನ ಮಾರುಕಟ್ಟೆ ಸುತ್ತುವವರಿಗೆ ಅದು ಇನ್ನು ಸಾಲುತ್ತಿರಲಿಲ್ಲ. ಈ ಕಾರಿಗೆ ರಸ್ತೆಯ ಗೆರೆ ಕಾಣಿಸುತ್ತದಂತೆ. ಮುಂದಿನ ಗಾಜಿನ ಹಿಂದೆ ಕೋಟಿನ ಗುಂಡಿಯಷ್ಟು ಒಂದು ಕ್ಯಾಮೆರಾ ಇದೆ. ಕಾರು ಗೆರೆಯ ಕಡೆ ಜರುಗಿದರೆ ಸ್ಟೀರಿಂಗ್ ತಾನೇ ಮೆಲ್ಲಗೆ ತಿರುಗಿ ನಡುವಿಗೆ ತರುತ್ತದೆ. ಮೊದಲ ದಿನ ನನಗಂತೂ ಮೈ ಜುಮ್ಮೆಂದಿತು. ಯಾರೋ ಕಾಣದವರು ಮುಂದೆ ಕೂತು ಓಡಿಸುತ್ತಿದ್ದಾರೆ ಅನ್ನಿಸಿತು.

ಶೋರೂಮಿನ ಹುಡುಗಿ ಮೂರು ಸಲ ಹೇಳಿದಳು: "ಸರ್, ಇದು ಸಹಾಯ ಮಾಡುತ್ತೆ ಅಷ್ಟೇ, ಓಡಿಸೋರು ನೀವೇ. ಎರಡೂ ಕೈ ಸ್ಟೀರಿಂಗ್ ಮೇಲೇ ಇರ್ಬೇಕು."

ಇವರು ಬಿಡುತ್ತಾರೆಯೇ. "ಮೂವತ್ತೆಂಟು ವರ್ಷ ತಕ್ಕಡಿ ರಿಪೇರಿ ಮಾಡಿದ್ದೀನಿ ಕಣಮ್ಮ. ಯಂತ್ರಕ್ಕೆ ಎಷ್ಟು ಬುದ್ಧಿ ಇರುತ್ತೆ ಅಂತ ನನಗೆ ಗೊತ್ತು."

ಮನೆಗೆ ಬರುವ ದಾರಿಯಲ್ಲಿ ನನಗೆ ಹೇಳಿದರು: "ನಿನ್ನ ತಮ್ಮ ಗೆರೆ ಹಾಕ್ತಾನೆ, ನನ್ನ ಕಾರು ಅದನ್ನ ನೋಡ್ಕೊಂಡು ಹೋಗುತ್ತೆ. ಇನ್ಮೇಲೆ ಊರೂರಿಗೂ ಭಾಮೈದ ಕೈ ಹಿಡಿದು ಕರ್ಕೊಂಡು ಹೋದ ಹಾಗೇ."

ಅವರ ಭುಜದ ನೋವಿನ ಬಗ್ಗೆ ಕೇಳಿದ್ದೀ. ಈಗ ಚೆನ್ನಾಗಿದೆ. ಹೇಳುವಂಥದ್ದೇನೂ ಇಲ್ಲ. ನಾನು ಆಸ್ಪತ್ರೆಯ ಪರದೆ ಹೊಲಿಯುತ್ತಿದ್ದೇನೆ, ಒಟ್ಟು ಎಂಬತ್ತು, ಎಲ್ಲವೂ ಹಸಿರು. ಕಣ್ಣು ಮುಚ್ಚಿದರೂ ಹಸಿರೇ.

ಅಕ್ಕ


ಜನವರಿ 29

ಅಕ್ಕ,

ಕಾರಿನ ಸುದ್ದಿ ಓದಿ ಖುಷಿಯಾಯಿತು. ನಿನ್ನ ಕಾಗದವನ್ನು ತಂಡದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಇಪ್ಪತ್ತೆರಡು ವರ್ಷ ಗೆರೆ ಹಾಕಿದ್ದೇನೆ, ಒಬ್ಬನಾದರೂ ಕಾರು ನಿಲ್ಲಿಸಿ "ಗೆರೆ ಚೆನ್ನಾಗಿದೆ" ಎಂದದ್ದಿಲ್ಲ. ಈಗ ಗೆರೆ ಓದುವ ಕಾರೇ ಬಂದಿದೆ, ಅದೂ ನಮ್ಮ ಮನೆಗೆ. ಭಾವನಿಗೆ ಹೇಳು, ನನ್ನ ಗೆರೆ ಇರುವ ರಸ್ತೆಯಲ್ಲಿ ನಿಶ್ಚಿಂತೆಯಾಗಿ ಬರಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀಯೇನೋ, ಆದರೆ ನನ್ನದು ನಿಜವಾಗಿಯೂ ನೇರವಾಗಿರುತ್ತದೆ. ಬಣ್ಣವನ್ನು ಕುದಿಸಿ ಸುರಿಯುತ್ತೇವೆ, ಆರುವ ಮುಂಚೆ ಮೇಲೆ ಗಾಜಿನ ಪುಡಿ ಎರಚುತ್ತೇವೆ. ದೀಪ ಬಿದ್ದಾಗ ಹೊಳೆಯುವುದು ಆ ಗಾಜು. ಕ್ಯಾಮೆರಾಗೆ ಬೇಕಾಗಿರುವುದೂ ಅದೇ.

ಆದರೆ ಒಂದು ಮಾತು, ಇದನ್ನು ಭಾವನಿಗೆ ಓದಿ ಹೇಳಲೇಬೇಕು. ಆ ಕ್ಯಾಮೆರಾಗೆ ರಸ್ತೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಗೆರೆ ಮಾತ್ರ. ಮುಂದೆ ಗೋಡೆಯಿದ್ದರೂ ಗೆರೆ ಗೋಡೆಗೆ ಹೋದರೆ ಅದೂ ಹೋಗುತ್ತದೆ. ಮಳೆ ಜೋರಾದರೆ, ಗೆರೆ ಸವೆದಿದ್ದರೆ, ಸೂರ್ಯ ಎದುರಿಗಿದ್ದರೆ ಅದು ಕುರುಡು. ಕುರುಡಾದಾಗ ಒಮ್ಮೊಮ್ಮೆ ಕೂಗಿ ಹೇಳುತ್ತದೆ, ಒಮ್ಮೊಮ್ಮೆ ಸುಮ್ಮನೆ ಬಿಟ್ಟುಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ, ನಮ್ಮಂಥವರು ಕೆಲಸ ಮಾಡುವ ಜಾಗ ಬಂದರೆ ಆ ವ್ಯವಸ್ಥೆಯನ್ನು ಆಫ್ ಮಾಡಬೇಕು. ಅಲ್ಲಿ ಹಳೇ ಗೆರೆ, ಹೊಸ ಗೆರೆ, ಕಾಮಗಾರಿಯ ಗೆರೆ ಎಲ್ಲ ಕಲಸಿಹೋಗಿರುತ್ತವೆ. ನಮಗೇ ತಲೆ ಕೆಡುತ್ತದೆ, ಪಾಪ ಆ ಗುಂಡಿಯಷ್ಟು ಕ್ಯಾಮೆರಾ ಏನು ಮಾಡೀತು.

ಭುಜದ ವಿಷಯ ಎರಡೇ ಸಾಲಿನಲ್ಲಿ ಮುಗಿಸಿದ್ದೀ. ನೀನು ಎರಡು ಸಾಲಿನಲ್ಲಿ ಮುಗಿಸುವ ವಿಷಯವೇ ದೊಡ್ಡದಿರುತ್ತದೆ ಎಂದು ಚಿಕ್ಕಂದಿನಿಂದ ಬಲ್ಲೆ.

ಪುಟ್ಟ


ಫೆಬ್ರವರಿ 20

ಪುಟ್ಟಾ,

ನಿನ್ನ ಕಾಗದ ಊಟದ ಹೊತ್ತಿಗೆ ಬಂತು. ಮೊದಲ ಹಾಳೆ ಓದಿ ಹೇಳಿದೆ, "ನಿಶ್ಚಿಂತೆಯಾಗಿ ಬರಲಿ" ಎಂಬ ಮಾತಿಗೆ ಇವರು ತೊಡೆ ತಟ್ಟಿಕೊಂಡು ನಕ್ಕರು. ಎರಡನೇ ಹಾಳೆ ಓದುವಷ್ಟರಲ್ಲಿ ಕೈ ತೊಳೆದು ಹೊರಟೇಬಿಟ್ಟರು. ಸಂಜೆ ನೆನಪಿಸಿದೆ. "ಗೆರೆ ಹಾಕೋನು ಗೆರೆ ಬಗ್ಗೆ ಹೆದರಿಸ್ದೆ ಇನ್ನೇನು ಮಾಡ್ತಾನೆ," ಎಂದು ಪೇಪರು ಹಿಡಿದುಕೊಂಡರು.

ಆ ಕಾರು ಬಹಳ ಕಿರಿಕಿರಿ ಮಾಡುತ್ತದೆ. ಕೈ ತೆಗೆದು ಸ್ವಲ್ಪ ಹೊತ್ತಾದರೆ ಸಾಕು, ಮೊದಲು ಒಂದು ದೀಪ, ಆಮೇಲೆ ಟಿಕ್ ಟಿಕ್, ಆಮೇಲೆ ಅತ್ತೆಯ ಹಾಗೆ ಒಂದೇ ಸಮನೆ ಕೂಗು. ಇವರಿಗೂ ಅದಕ್ಕೂ ದಿನಾ ಜಗಳ. ಈಗ ಒಂದು ಉಪಾಯ ಮಾಡಿದ್ದಾರೆ. "ಅದು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ," ಎಂದರು. ಏನು ಉಪಾಯ ಎಂದು ಬರೆಯುವುದಿಲ್ಲ, ನೀನು ಬೈಯುತ್ತೀ. ಒಟ್ಟಿನಲ್ಲಿ ಕಾರು ಈಗ ತೆಪ್ಪಗಿದೆ. ನಾನೂ ಪರದೆಯ ಬಟ್ಟೆಯ ಒಂದು ಚೂರಿನಲ್ಲಿ ಅವರಿಗೆ ಏನೋ ಹೊಲಿದುಕೊಟ್ಟೆ, ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ ನನಗೇ ಹೆಮ್ಮೆಯಾಯಿತು.

ಹೊಸದೊಂದು ಮಾರುಕಟ್ಟೆಯ ಕೆಲಸ ಸಿಕ್ಕಿದೆ, ಸ್ವಲ್ಪ ದೂರ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಅಲ್ಲಿಯ ಅಂಗಡಿಯವರು ಇವರನ್ನು ಕಂಡರೆ ಕಲ್ಲುಗಳನ್ನು ಬಚ್ಚಿಡುತ್ತಾರಂತೆ. ಹೋದ ವಾರ ಒಬ್ಬನ ತೂಕದ ಕಲ್ಲು ಹಿಡಿದು, ಹತ್ತು ಜನರ ಮುಂದೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು, ಜೇಬಿಗೆ ಹಾಕಿಕೊಂಡು ಬಂದಿದ್ದಾರೆ. ಈ ವಯಸ್ಸಿನಲ್ಲೂ ಬಿಸಿ ಆರಿಲ್ಲ.

ಅಕ್ಕ


ಮಾರ್ಚ್ 15

ಅಕ್ಕ,

ಸಣ್ಣ ಕಾಗದ. ಕಿವಿ ಸೋರುತ್ತಿದೆ, ಹನ್ನೊಂದು ದಿನವಾಯಿತು. ತಲೆ ಬಗ್ಗಿಸಿದರೆ ಒಳಗೆ ಸೂಜಿ ಆಡಿದ ಹಾಗಾಗುತ್ತದೆ. ವೈದ್ಯರು ಯಂತ್ರದ ಹತ್ತಿರ ಹೋಗಬೇಡಿ ಎಂದಿದ್ದಾರೆ. ಯಂತ್ರ ಬಿಟ್ಟರೆ ನನಗೆ ಇನ್ನೇನಿದೆ ಎಂದು ಅವರಿಗೆ ಹೇಳುವವರಾರು.

ಒಂದು ಸೇತುವೆಯ ದುರಸ್ತಿ. ಅದನ್ನು ಮುಚ್ಚಿ ವಾಹನಗಳನ್ನು ಪಕ್ಕದ ತಾತ್ಕಾಲಿಕ ರಸ್ತೆಗೆ ತಿರುಗಿಸಿದೆವು. ಆರು ವಾರಕ್ಕೆ ಮಾತ್ರ. ನಮ್ಮ ಗೆರೆಯ ಕೆಲಸ ಹೇಳಿದ್ದಕ್ಕಿಂತ ಮುಂಚೆಯೇ ಮುಗಿಯಿತು, ಎಂಜಿನಿಯರ್ ಬೆನ್ನು ತಟ್ಟಿದರು. ಇನ್ನು ಒಂದು ವಾರ ಮಲಗುತ್ತೇನೆ.

ಭಾವನ ಉಪಾಯ ಏನೆಂದು ಬರೆ. ನೀನು ಬರೆಯುವುದಿಲ್ಲ ಎಂದಾಗಲೇ ನನಗೆ ಭಯವಾಗುವುದು.

ಪುಟ್ಟ


ಏಪ್ರಿಲ್ 9

ಪುಟ್ಟಾ,

ಇವರು ಹೋಗಿ ಇವತ್ತಿಗೆ ಹದಿನೈದು ದಿನ. ನೀನು ಬಂದೆ, ಹೆಗಲು ಕೊಟ್ಟೆ, ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಹಾಸಿಗೆ ಮಡಿಸಿಟ್ಟಿತ್ತು. ಒಂದು ಮಾತು ಹೇಳಿ ಹೋಗಬಾರದಿತ್ತೇ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನಿನ್ನನ್ನು ಬೆಳೆಸಿದ ಕೈ ಇದು. ನನಗೆ ಇನ್ನು ಇರುವವನು ನೀನೊಬ್ಬ. ದುಃಖ ತಡೆಯಲಾರದೆ ಹೋದೆ ಎಂದು ಎಲ್ಲರಿಗೂ ಹೇಳಿದ್ದೇನೆ, ನನಗೂ ಹಾಗೆಯೇ ಹೇಳಿಕೊಳ್ಳುತ್ತಿದ್ದೇನೆ.

ನಿನಗೆ ಪೂರ್ತಿ ಗೊತ್ತಿಲ್ಲ, ಅದಕ್ಕೇ ಬರೆಯುತ್ತೇನೆ. ಆ ಹೊಸ ಮಾರುಕಟ್ಟೆಯಿಂದ ಬರುತ್ತಿದ್ದರು. ಸಂಜೆ ಐದೂವರೆ. ಒಂದು ಸೇತುವೆ ಮುಚ್ಚಿದ್ದಾರೆ, ರಸ್ತೆ ಪಕ್ಕಕ್ಕೆ ತಿರುಗುತ್ತದೆ. ಕಾರು ತಿರುಗಲಿಲ್ಲ. ನೇರ ಹೋಗಿ ಸಿಮೆಂಟಿನ ತಡೆಗೆ ಹೊಡೆಯಿತು. ಹಳೇ ಗೆರೆ ನೇರ ಸೇತುವೆಗೆ ಹೋಗುತ್ತಿತ್ತಂತೆ. ಅದನ್ನು ಕೆರೆದು ತೆಗೆಯುವ ಬದಲು ಮೇಲೆ ಕಪ್ಪು ಬಣ್ಣ ಬಳಿದಿದ್ದರಂತೆ. ಇಳಿಬಿಸಿಲಿಗೆ ಆ ಕಪ್ಪು ಬಣ್ಣ ಬೆಳ್ಳಗೆ ಹೊಳೆಯುತ್ತದೆ, ಕಾರು ಅದನ್ನೇ ಗೆರೆ ಎಂದುಕೊಂಡಿದೆ. ವಿಚಾರಣೆಗೆ ಬಂದಿದ್ದ ಅಧಿಕಾರಿ, ಹೆಣ್ಣುಮಗಳು, ಸಮಾಧಾನದಿಂದ ವಿವರಿಸಿದಳು.

"ಅವರು ಯಾವತ್ತಾದ್ರೂ ಕೈ ಬಿಟ್ಟು ಓಡಿಸ್ತಿದ್ರಾಮ್ಮ?" ಎಂದು ಕೇಳಿದಳು.

"ಇಲ್ಲ. ಯಾವಾಗ್ಲೂ ಎರಡೂ ಕೈ ಇಟ್ಟೇ ಓಡಿಸ್ತಿದ್ರು," ಎಂದೆ.

ಕಾರಿನೊಳಗಿನ ದಾಖಲೆಯಲ್ಲೂ ಕೊನೆಯ ಕ್ಷಣದವರೆಗೆ ಕೈ ಸ್ಟೀರಿಂಗ್ ಮೇಲಿತ್ತು ಎಂದೇ ಇದೆಯಂತೆ. ಹಾಗಾಗಿ ತಪ್ಪು ಅವರದಲ್ಲ. ತಪ್ಪೆಲ್ಲ ಆ ಗೆರೆಯವರದು. ಆ ಕಪ್ಪು ಬಳಿದವನ ಕೈ ಸೇದಿಹೋಗಲಿ ಪುಟ್ಟಾ. ಅವನ ಮನೆಯಲ್ಲೂ ಒಂದು ಕುರ್ಚಿ ಹೀಗೇ ಖಾಲಿಯಾಗಲಿ. ನಾನು ಯಾರಿಗೂ ಶಾಪ ಹಾಕಿದವಳಲ್ಲ, ಇವನಿಗೆ ದಿನಾ ಹಾಕುತ್ತೇನೆ. ನೀನು ಇದೇ ಕಸುಬಿನವನು. ಆ ಜಾಗದಲ್ಲಿ ಕೆಲಸ ಮಾಡಿದವರು ಯಾರು ಎಂದು ವಿಚಾರಿಸಿ ಹೇಳು.

ಅಕ್ಕ


ಏಪ್ರಿಲ್ 27

ಅಕ್ಕ,

ಹೇಳದೆ ಬಂದದ್ದು ತಪ್ಪು, ಹೊಟ್ಟೆಗೆ ಹಾಕಿಕೋ.

ವಿಚಾರಿಸುತ್ತೇನೆ. ಕಪ್ಪು ಬಳಿಯುವುದು ಎಲ್ಲ ಕಡೆ ಇದೆ, ಸ್ವಲ್ಪ ದಿನದ ಕೆಲಸಕ್ಕೆ ಎಲ್ಲರೂ ಹಾಗೇ ಮಾಡುತ್ತಾರೆ. ಮಾಡಿದವನು ಬೇಕೆಂದು ಮಾಡಿರಲಾರ. ಹಾಗೆಲ್ಲ ಶಾಪ ಹಾಕಬೇಡ, ಹಾಕುವವರ ಹೊಟ್ಟೆಯೇ ಉರಿಯುತ್ತದೆ.

ನೀನು ಸರಿಯಾಗಿ ಊಟ ಮಾಡು.

ಪುಟ್ಟ


ಮೇ 6

ಪುಟ್ಟಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರಿಗೋ ಬೈದರೆ ನಿನಗೇಕೆ ಚುರ್ರೆನ್ನಬೇಕು? ಸತ್ತವರು ನಿನ್ನ ಭಾವ. ನಿನಗೆ ಸೈಕಲ್ ಕಲಿಸಿದವರು, ನಿನ್ನ ಮೊದಲ ಕೆಲಸಕ್ಕೆ ಜೊತೆಯಲ್ಲಿ ಬಂದು ಗೇಟಿನ ಹೊರಗೆ ಮಧ್ಯಾಹ್ನದವರೆಗೆ ನಿಂತವರು. ಅವರ ಕಡೆ ಮಾತಾಡುವುದು ಬಿಟ್ಟು ನಿನ್ನ ಕಸುಬಿನವರ ಕಡೆ ವಕಾಲತ್ತು ಮಾಡುತ್ತಿದ್ದೀ.

ಪೊಲೀಸರು ಅವರ ಸಾಮಾನನ್ನು ಒಂದು ಮೂಟೆಯಲ್ಲಿ ತಂದುಕೊಟ್ಟರು. ಊಟದ ಡಬ್ಬಿ, ಕನ್ನಡಕ, ಸ್ಕ್ರೂಡ್ರೈವರಿನ ಕಟ್ಟು, ತೂಕದ ಕಲ್ಲುಗಳು. ಕಲ್ಲುಗಳನ್ನು ಒರೆಸಿ ಮರದ ಪೆಟ್ಟಿಗೆಯ ಕುಳಿಗಳಲ್ಲಿ ಒಂದೊಂದಾಗಿ ಕೂರಿಸಿದೆ. ಒಂದೂ ಕಡಿಮೆಯಿರಲಿಲ್ಲ. ಒಂದು ಹೆಚ್ಚಾಗಿಯೇ ಇತ್ತು.

ರಿಪೇರಿಗೆ ಬಂದಿದ್ದ ತಕ್ಕಡಿಗಳನ್ನು ಜನ ವಾಪಸು ತೆಗೆದುಕೊಂಡು ಹೋಗುತ್ತಿದ್ದಾರೆ. ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಅವರ ಕೈಯಲ್ಲಿ ತೂಕ ಯಾವತ್ತೂ ತಪ್ಪಿದ್ದಿಲ್ಲ." ನನಗೆ ಉಳಿದಿರುವುದು ಆ ಹೆಸರೊಂದೇ. ಅವರ ಕೈ ಸ್ಟೀರಿಂಗ್ ಮೇಲಿತ್ತು. ದಾಖಲೆಯೂ ಹಾಗೇ ಹೇಳುತ್ತದೆ. ನೀನು ಯಾಕೆ ಸುಮ್ಮನಿದ್ದೀ?

ಅಕ್ಕ


ಮೇ 25

ಅಕ್ಕ,

ನಾಲ್ಕು ಸಲ ಬರೆದು ಹರಿದಿದ್ದೇನೆ. ಇನ್ನು ನೇರವಾಗಿ ಬರೆಯುತ್ತೇನೆ. ಆ ಸೇತುವೆಯ ಹತ್ತಿರ ಕೆಲಸ ಮಾಡಿದ್ದು ನನ್ನ ತಂಡ. ಹಳೇ ಗೆರೆ ಕೆರೆಯುವುದು ಬೇಡ, ಕಪ್ಪು ಬಳಿದರೆ ಸಾಕು ಎಂದವನು ನಾನು. ಬಳಿದವನೂ ನಾನೇ.

ಕೆರೆಯುವುದು ಎರಡು ದಿನದ ಕೆಲಸ. ಯಂತ್ರ ಗೆರೆಯನ್ನು ಬೇರುಸಹಿತ ತೆಗೆಯುತ್ತದೆ, ಕೆಳಗಿನ ಜಲ್ಲಿ ಕಾಣುವವರೆಗೆ. ಆ ಯಂತ್ರವನ್ನು ನಡೆಸಲು ತಂಡದಲ್ಲಿ ಸರಿಯಾಗಿ ಬರುವುದು ನನಗೊಬ್ಬನಿಗೆ. ಆವತ್ತು ಕಿವಿಯಿಂದ ಕೀವು ಬರುತ್ತಿತ್ತು, ಯಂತ್ರದ ಸದ್ದು ನೆನೆಸಿಕೊಂಡರೇ ವಾಂತಿ ಬರುವಂತಿತ್ತು. ಆರು ವಾರಕ್ಕೆ ತಾನೇ ಎಂದುಕೊಂಡೆ. ರೋಲರ್ ತೆಗೆದುಕೊಂಡು ಅರ್ಧ ದಿನದಲ್ಲಿ ಬಳಿದು ಮುಗಿಸಿದೆ. ಮಧ್ಯಾಹ್ನ ಹನ್ನೆರಡಕ್ಕೆ ನಡೆದು ನೋಡಿದೆ. ಕಪ್ಪಿನ ಮೇಲೆ ಕಪ್ಪು, ಏನೂ ಕಾಣಲಿಲ್ಲ. ಸಂಜೆ ಐದಕ್ಕೆ ಬಂದು ನೋಡಲಿಲ್ಲ. ಇಳಿಬಿಸಿಲಿಗೆ ನುಣುಪಾದ ಕಪ್ಪು ಬಣ್ಣ ಹೊಳೆಯುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಗೊತ್ತಿರುವವನು ನಾನು. ಹೊಸಬರಿಗೆ ಪಾಠ ಹೇಳುವವನು. ಬಂದು ನೋಡಲಿಲ್ಲ.

ಭಾವ ಆ ದಾರಿಯಲ್ಲಿ ಹೋಗುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಕೆರೆಯುತ್ತಿದ್ದೆ. ಇದನ್ನು ಬರೆದ ಮೇಲೆ ನನ್ನ ಮೇಲೆ ನನಗೇ ಇನ್ನೂ ಅಸಹ್ಯವಾಗುತ್ತಿದೆ. ಬೇರೆ ಯಾರೋ ಹೋಗುವವರಿಗೆ ಬಣ್ಣ ಸಾಕು ಎಂದುಕೊಂಡೆ ಎಂದೇ ಅರ್ಥವಲ್ಲವೇ.

ಆವತ್ತು ನಿನ್ನ ಹಜಾರದಲ್ಲಿ ಭಾವನ ಗೆಳೆಯರೊಬ್ಬರು ನನ್ನ ಬಲಗಡೆ ಕೂತು ಅದು ಯಾವ ಸೇತುವೆ ಎಂದು ಹೇಳಿದರು. ಆ ದಿನ ಪೂರ್ತಿ ನನ್ನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಬೆಳಕು ಹರಿಯುವ ಮುಂಚೆ ಎದ್ದು ಹೋದೆ. ಸೀದಾ ಅಲ್ಲಿಗೇ ಹೋಗಿ, ಯಂತ್ರ ತರಿಸಿ, ಎರಡು ದಿನ ಕೆರೆದೆ. ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಅಲ್ಲಿ ಗೆರೆಯಿಲ್ಲ. ಬಲಗಿವಿಯಲ್ಲಿ ಉಳಿದಿದ್ದರಲ್ಲೂ ಸ್ವಲ್ಪ ಹೋಯಿತು.

ನಿಶ್ಚಿಂತೆಯಾಗಿ ಬರಲಿ ಎಂದು ಬರೆದವನೂ ನಾನೇ. ಅವರು ನಂಬಿದರು.

ಜುಲೈ 25ಕ್ಕೆ ನಮ್ಮ ಇಲಾಖೆಯಲ್ಲಿ ನನ್ನ ಹೇಳಿಕೆ. ಎಲ್ಲ ತಪ್ಪೂ ನನ್ನದೇ ಎಂದು ಬರೆದು ಸಹಿ ಹಾಕುತ್ತೇನೆ. ಇನ್ನು ಮುಂದೆ ಯಾರೂ ನನ್ನ ಕೈಗೆ ಬಣ್ಣ ಕೊಡುವುದಿಲ್ಲ, ಕೊಡಲೂಬಾರದು. ವಿಚಾರಿಸಿ ಹೇಳು ಎಂದಿದ್ದೆ. ವಿಚಾರಿಸಿದ್ದೇನೆ, ನಾನೇ. ಶಾಪಕ್ಕೆ ವಿಳಾಸ ಬೇಕಿದ್ದರೆ ಈ ಲಕೋಟೆಯ ಹಿಂದಿದೆ.

ಪುಟ್ಟ


ಜೂನ್ 24

ಅಕ್ಕ,

ಒಂದು ತಿಂಗಳಾಯಿತು. ನಿನ್ನ ಕಾಗದವಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಟಪಾಲಿನವನ ದಾರಿ ನೋಡುತ್ತೇನೆ. ಅವನು ದೂರದಿಂದಲೇ ತಲೆಯಾಡಿಸಿಬಿಡುತ್ತಾನೆ.

ಒಂದು ವಿಷಯ ಮಾತ್ರ ನನಗೆ ಬಗೆಹರಿಯುತ್ತಿಲ್ಲ. ತಪ್ಪಿಸಿಕೊಳ್ಳಲು ಕೇಳುತ್ತಿಲ್ಲ, ಬೇರೆ ಯಾರನ್ನೂ ಕೇಳಲಾರೆ ಎಂದು ಕೇಳುತ್ತಿದ್ದೇನೆ. ಆ ವ್ಯವಸ್ಥೆ ಸ್ಟೀರಿಂಗನ್ನು ಎಳೆಯುವ ಬಲ ಬಹಳ ಕಡಿಮೆ. ಒಂದು ಮಗು ಕೂಡ ಅದನ್ನು ಮೀರಿ ತಿರುಗಿಸಬಹುದು. ಭಾವನ ಎರಡೂ ಕೈ ಸ್ಟೀರಿಂಗ್ ಮೇಲಿದ್ದರೆ, ಕಣ್ಣೆದುರು ತಡೆಗೋಡೆ ಕಂಡ ಮೇಲೂ ಅವರು ಯಾಕೆ ತಿರುಗಿಸಲಿಲ್ಲ? ಮಲಗಿದರೆ ನಿದ್ದೆ ಬರುವುದಿಲ್ಲ, ಇದೇ ಪ್ರಶ್ನೆ.

ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಸಹಿ ಹೇಗಿದ್ದರೂ ಹಾಕುತ್ತೇನೆ.

ಪುಟ್ಟ


ಜುಲೈ 17

ಪುಟ್ಟಾ,

25ನೇ ತಾರೀಖಿನ ಮುಂಚೆ ನಿನಗೆ ಇದು ಸೇರಬೇಕು, ಅದಕ್ಕೆ ಇವತ್ತೇ ಅಂಚೆಗೆ ಹಾಕುತ್ತೇನೆ.

ನಿನ್ನ ಮೇ ತಿಂಗಳ ಕಾಗದ ಓದಿ ಅದನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ಆ ಡ್ರಾಯರಿನಲ್ಲಿ ಆಗಲೇ ಇನ್ನೊಂದು ವಸ್ತು ಇತ್ತು. ಹಸಿರು ಬಟ್ಟೆಯ ಒಂದು ಸಣ್ಣ ಚೀಲ, ಎರಡು ಕಡೆ ಎಲಾಸ್ಟಿಕ್. ನಾನೇ ಹೊಲಿದದ್ದು. ಆ ಚೀಲದೊಳಗೆ ತೂಕದ ಕಲ್ಲು ಹಾಕಿ ಸ್ಟೀರಿಂಗಿನ ಒಂದು ಪಕ್ಕಕ್ಕೆ ಕಟ್ಟುತ್ತಿದ್ದರು. ಭಾರ ಜಗ್ಗುತ್ತಿದ್ದರೆ ಕಾರು ಅದನ್ನು ಕೈ ಎಂದುಕೊಳ್ಳುತ್ತದೆ, ಕೂಗುವುದಿಲ್ಲ. ಇದೇ ಅವರ ಉಪಾಯ. ಆ ದಾಖಲೆಯಲ್ಲಿ ಕೊನೆಯವರೆಗೂ ಇದ್ದ ಕೈ ಅವರದಲ್ಲ ಪುಟ್ಟಾ, ಅದು ಕಲ್ಲು.

ಅವರ ಭುಜ ಚೆನ್ನಾಗಿರಲಿಲ್ಲ. ಎರಡು ಸಾಲಿನಲ್ಲಿ ಮುಗಿಸಿದ್ದನ್ನು ನೀನು ಸರಿಯಾಗಿಯೇ ಹಿಡಿದಿದ್ದೆ. ಅರ್ಧ ಗಂಟೆ ಓಡಿಸಿದರೆ ಬಲಗೈ ಬೆರಳ ತುದಿಯಿಂದ ಮೊಣಕೈವರೆಗೆ ಜೋಮು ಹಿಡಿಯುತ್ತಿತ್ತು. ವೈದ್ಯರು ನವೆಂಬರಿನಲ್ಲೇ ಇನ್ನು ಓಡಿಸಬೇಡಿ ಎಂದಿದ್ದರು. "ಓಡ್ಸೋದು ಬಿಟ್ರೆ ಮನೆಯಲ್ಲಿ ಕೂತು ಏನು ಮಾಡ್ಲಿ, ನಿನ್ನ ಪರದೆಗೆ ಗುಂಡಿ ಹೊಲೀಲಾ?" ಎಂದರು. ನಿನಗೆ ಹೇಳಿದರೆ ನೀನು ಓಡಿಬಂದು ಕೀಲಿ ಕಿತ್ತುಕೊಳ್ಳುತ್ತಿದ್ದೆ, ಅದಕ್ಕೇ ಹೇಳಲಿಲ್ಲ. ಆ ಕೈ ತೊಡೆಯ ಮೇಲೆ ಸತ್ತುಬಿದ್ದಿತ್ತೇನೋ, ಎಡಗೈಯಲ್ಲಿ ಏನು ಹಿಡಿದಿದ್ದರೋ, ಎದುರು ಬಿಸಿಲಿಗೆ ಕಣ್ಣು ಕುಕ್ಕಿತ್ತೇನೋ. ಅದು ನನಗೂ ಗೊತ್ತಿಲ್ಲ, ನಿನಗೂ ಇನ್ನು ಗೊತ್ತಾಗುವುದಿಲ್ಲ.

ಪೊಲೀಸರಿಗೆ ಅನುಮಾನವೇ ಬರಲಿಲ್ಲ. ತಕ್ಕಡಿ ರಿಪೇರಿಯವನ ಕಾರಿನಲ್ಲಿ ತೂಕದ ಕಲ್ಲು ಇರದೆ ಇನ್ನೇನಿರುತ್ತದೆ. ಮೂಟೆಯಲ್ಲಿ ಚೀಲ ಕಂಡ ಕೂಡಲೇ ಸೆರಗಿನಲ್ಲಿ ಮುಚ್ಚಿಕೊಂಡೆ. ಆಮೇಲೆ ಕೂತು ಗೆರೆ ಹಾಕಿದವನಿಗೆ ಶಾಪ ಹಾಕಿದೆ. ಬೈಯಲು ಯಾರಾದರೂ ಸಿಕ್ಕಿದರೆ ನನ್ನ ಹೊಲಿಗೆ ನನಗೆ ಕಾಣುತ್ತಿರಲಿಲ್ಲ.

ನೀನು ಬರೆದ ಮೇಲೂ ಎರಡು ತಿಂಗಳು ಸುಮ್ಮನಿದ್ದೆ. ನಿಜ ಹೇಳುತ್ತೇನೆ, ಮೊದಲ ತಿಂಗಳು ನಿನ್ನ ಮೇಲಿನ ಸಿಟ್ಟು. ಎರಡನೇ ತಿಂಗಳು ಭಯ. ಹೇಳಿದರೆ ಅವರ ಹೆಸರು ಹೋಗುತ್ತದೆ. ಊರೂರಿನ ಅಂಗಡಿಯವರ ಮೋಸ ಹಿಡಿದವರು ತಾವೇ ಕಲ್ಲು ಕಟ್ಟಿ ಯಂತ್ರಕ್ಕೆ ಮೋಸ ಮಾಡಿದರಂತೆ ಎಂದು ಆಡಿಕೊಳ್ಳುತ್ತಾರೆ. ಹೇಳದಿದ್ದರೆ ನೀನು ಹೋಗುತ್ತೀ. ಅವರು ಹೇಗಿದ್ದರೂ ಹೋಗಿದ್ದಾರೆ, ನೀನು ಇನ್ನೂ ಇದ್ದೀ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು.

ನಿನ್ನೆ ಆ ಅಧಿಕಾರಿಯ ಕಚೇರಿಗೆ ಹೋದೆ. ಚೀಲ, ಕಲ್ಲು ಎರಡನ್ನೂ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಕಲ್ಲನ್ನು ತಿರುಗಿಸಿ ಅದರ ಮೇಲಿನ ಅಂಕಿ ನೋಡಿ ಬರೆಯತೊಡಗಿದಳು: ಅರ್ಧ ಕಿಲೋ ತೂಕದ ಕಲ್ಲು ಒಂದು.

"ಹಾಗೆ ಬರೀಬೇಡಿ," ಎಂದೆ. "ಅದು ನಾನೂರ ಅರವತ್ತು ಗ್ರಾಂ."

ಅದು ಆ ಅಂಗಡಿಯವನಿಂದ ಹಿಡಿದುಕೊಂಡು ಬಂದ ಸುಳ್ಳು ಕಲ್ಲು. ಅಡಿಯಲ್ಲಿ ಕೊರೆದು ನಲವತ್ತು ಗ್ರಾಂ ತೆಗೆದದ್ದು. ಕೆಂಪು ಅಡ್ಡಗೆರೆ ಇನ್ನೂ ಇತ್ತು. ಚೀಲ ಹೊಲಿದ ದಿನ ನಾನು ಅವರ ಪೆಟ್ಟಿಗೆಯಿಂದ ಒಂದು ಒಳ್ಳೆಯ ಕಲ್ಲು ತೆಗೆದುಕೊಟ್ಟಿದ್ದೆ. ಕೈಯಿಂದ ಕಿತ್ತು ವಾಪಸಿಟ್ಟರು. "ನನ್ನ ಕಲ್ಲಿನ ಕೈಲಿ ಸುಳ್ಳು ಹೇಳಿಸಲ್ಲ ಕಣೇ. ಸುಳ್ಳು ಹೇಳಿ ಅಭ್ಯಾಸ ಇರೋದು ಇದೊಂದಕ್ಕೇ," ಎಂದಿದ್ದರು. ಇಬ್ಬರೂ ನಕ್ಕಿದ್ದೆವು. ಇದನ್ನೂ ಹೇಳಿದೆ. ಅವಳು ತಕ್ಕಡಿ ತರಿಸಿ ತೂಗಿ, ಬರೆದದ್ದನ್ನು ಹೊಡೆದುಹಾಕಿ, ನಾನೂರ ಅರವತ್ತು ಎಂದು ತಿದ್ದಿದಳು. ಕೆಳಗೆ ನಾನು ಸಹಿ ಹಾಕಿದೆ.

ನೀನೂ 25ಕ್ಕೆ ಹೋಗಿ ನಿನ್ನದನ್ನು ಹೇಳು. ನಿನ್ನದು ಎಷ್ಟೋ ಅಷ್ಟೇ ಹೇಳು, ನಮ್ಮ ಪಾಲನ್ನೂ ನಿನ್ನ ತಲೆಗೆ ಕಟ್ಟಿಕೊಂಡು ಸಹಿ ಹಾಕಬೇಡ. ಸಿಟ್ಟು ಹೋಗಿದೆ ಎಂದು ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಹೋಗಿಲ್ಲ. ನನ್ನ ಮೇಲಿನದೂ ಹೋಗಿಲ್ಲ, ಅವರ ಮೇಲಿನದಂತೂ ಹೋಗಿಯೇ ಇಲ್ಲ. ಆದರೆ ಶಾಪ ವಾಪಸು ತೆಗೆದುಕೊಂಡಿದ್ದೇನೆ.

ಇನ್ನು ಕಾಗದ ಬರೆಯಬೇಡ. ಕಾಗದದಲ್ಲಿ ನಾವಿಬ್ಬರೂ ಬೇಕಾದ್ದನ್ನು ಬರೆದು ಬೇಡದ್ದನ್ನು ಬಚ್ಚಿಟ್ಟು ನೋಡಿದ್ದಾಯಿತು. ಕೆಲಸ ಮುಗಿಸಿಕೊಂಡು ನೀನೇ ಬಾ, ಬಸ್ಸಿನಲ್ಲಿ ಬಾ. ಅವರ ಕುರ್ಚಿಯನ್ನು ಕಿಟಕಿಯ ಹತ್ತಿರದಿಂದ ಈಚೆಗೆ ಎಳೆದಿಟ್ಟಿದ್ದೇನೆ. ಅಲ್ಲಿ ಕೂತರೆ ನಿನ್ನ ಬಲಗಿವಿ ನನ್ನ ಕಡೆಗಿರುತ್ತದೆ. ನಾನು ಇದುವರೆಗೆ ಯಾರ ಮುಂದೆಯೂ ಅತ್ತಿಲ್ಲ ಪುಟ್ಟಾ. ನೀನು ಬಂದರೆ ನಿನಗೆ ಕೇಳಿಸುವಷ್ಟು ಜೋರಾಗಿ ಅಳಬೇಕು.

ಅಕ್ಕ